ಹಿಟ್ಟು ಹತ್ತಿದ ವಾಚಿಗೆ ವಾರಂಟಿ ಇಲ್ಲ

ನನ್ನ ಅವ್ವನ ಹತ್ತಿರ ಕೀಲಿ ಕೊಡುವ ಒಂದು ವಾಚಿತ್ತು. ಮದುವೆ, ಕುಬಸ, ತೊಟ್ಟಿಲು ಅಂತ ಹೊರಟಾಗ ಮಾತ್ರ ಅದು ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಕೈಗೆ ಕಟ್ಟಿಕೊಳ್ಳುತ್ತಿದ್ದಳು, ಆದರೆ ಕೀಲಿ ಕೊಡುತ್ತಿರಲಿಲ್ಲ. "ಕೀಲಿ ಕೊಟ್ರ ಒಳಗಿನ ಚಕ್ರ ಸವೀತಾವ" ಅನ್ನುವುದು ಅವಳ ಲೆಕ್ಕಾಚಾರ. ಹೀಗಾಗಿ ಮಣಿಕಟ್ಟಿನಲ್ಲಿ ವಾಚು ಮಿಂಚುತ್ತಿರುವಾಗಲೇ ಪಕ್ಕದಲ್ಲಿ ಕೂತವರನ್ನು "ಟೈಮ್ ಎಷ್ಟಾತ್ರಿ?" ಎಂದು ಕೇಳುತ್ತಿದ್ದಳು. ಮಕ್ಕಳಾದ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಅವಳು ಹೋದ ಮೇಲೆ ವಾಚು ನನ್ನ ಪಾಲಿಗೆ ಬಂತು. ಕೀಲಿ ಕೊಟ್ಟು ನೋಡಿದೆ. ಹೊಸದರಂತೆ ಓಡಿತು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ಚಂದ ಓಡುವುದನ್ನು ಯಾರಿಗಂತ ಉಳಿಸಿಟ್ಟೆ ಅವ್ವಾ? ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಅಂತ ಊರಿಗೆಲ್ಲ ಹೇಳುತ್ತಿದ್ದವಳು ಅವಳೇ.

ಹಾವೇರಿಯ ಮೊಬೈಲ್ ಅಂಗಡಿಯಲ್ಲಿ ನಾನು ಅಷ್ಟು ಹಟಕ್ಕೆ ಬಿದ್ದದ್ದು ಈ ಸಿಟ್ಟಿನಿಂದ. ಜೊತೆಗಿದ್ದ ನಮ್ಮ ಯಜಮಾನರಿಗೆ ಆಗ ಅದು ತಿಳಿಯಲಿಲ್ಲ.

ನಾವು ಬ್ಯಾಡಗಿಯವರು. ಯಜಮಾನರದು ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನದು ಮನೆಯ ಹಿಂದಿನ ಪಡಸಾಲೆಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ನಾನು ಮಾಡಿದ ರೊಟ್ಟಿ ರಾಣೆಬೆನ್ನೂರಿನ ಖಾನಾವಳಿಗಳಿಗೆ ಹೋಗುತ್ತದೆ. ಡಾಕ್ಟರು ಇಬ್ಬರಿಗೂ ದಿನಾ ನಡೆಯಲು ಹೇಳಿದ್ದೇ ನೆಪವಾಗಿ, ಹೆಜ್ಜೆ ಎಣಿಸುವ ಸ್ಮಾರ್ಟ್ ವಾಚನ್ನು ಆಳಿಗೊಂದರಂತೆ ಕೊಳ್ಳಲು ಹೋಗಿದ್ದೆವು. ನನ್ನದಕ್ಕೆ ನನ್ನ ರೊಟ್ಟಿಯ ದುಡ್ಡು.

ಅಂಗಡಿಯ ಹುಡುಗ ಬಿಲ್ಲು ಮಾಡುತ್ತ ಮಾಡುತ್ತ ನನ್ನ ಕೈ ನೋಡಿದ. ಎಷ್ಟು ತೊಳೆದರೂ ನನ್ನ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದೇ ಇರುತ್ತದೆ.

"ಅಕ್ಕಾರ, ನಿಮ್ಮದಕ್ಕ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸ್ರಿ. ಕಂಪನಿದು ಒಂದ್ ವರ್ಷ ಇರತೈತಿ, ಇದು ಅದರ ಮ್ಯಾಲ ಇನ್ನೊಂದ್ ವರ್ಷ. ಅಡಗಿಮನ್ಯಾಗ ಕೆಲಸ ಮಾಡೋರಿಗೆ ಬೇಕಾ ಬೇಕ್ರಿ."

"ಗಾಜು ಒಡದ್ರ ಕೊಡ್ತೀರೇನು?"

"ಅದು ಇದರಾಗ ಬರಂಗಿಲ್ರಿ."

"ನೀರು ಹೊಕ್ರ?"

"ಅದೂ ಬರಂಗಿಲ್ರಿ."

"ಹಿಟ್ಟು? ಖಾರದ ಧೂಳು?"

"ಧೂಳೂ ಬರಂಗಿಲ್ಲ ಅಕ್ಕಾರ. ಬ್ಯಾಟರಿನೂ ಬರಂಗಿಲ್ಲ. ಕಂಪನ್ಯಾಗ ಮಾಡುವಾಗ ಒಳಗ ಏನರ ಊನ ಉಳದಿದ್ರ ಅದನ್ನ ರಿಪೇರಿ ಮಾಡಿ ಕೊಡ್ತಾರ್ರಿ."

"ಅವರ ಊನಕ್ಕ ನಾ ಯಾಕ ರೊಕ್ಕ ಕೊಡ್ಲೋ ತಮ್ಮಾ? ಬ್ಯಾಡಗಿಯವರಿಗೆ ಧೂಳು ಬಿಟ್ಟು ವಾರಂಟಿ ಕೊಡ್ತೀರಿ ಅಂದ್ರ, ಕೂಸು ಬಿಟ್ಟು ಕುಲಾಯಿ ಮಾರಿದಂಗ ಆತು."

ಆಚೀಚೆ ನಿಂತ ಗಿರಾಕಿಗಳು ನಕ್ಕರು. ಹುಡುಗನೂ ನಕ್ಕ. ನಗದೆ ಇದ್ದವರು ಯಜಮಾನರೊಬ್ಬರೇ. ನಾಲ್ಕು ಜನರ ಮುಂದೆ ನಾನು ಧ್ವನಿ ಏರಿಸಿದರೆ ಅವರಿಗೆ ಮೈಮೇಲೆ ಹುಳ ಬಿಟ್ಟಂತಾಗುತ್ತದೆ. ಮೆಲ್ಲಗೆ ಹೇಳಿದರು: "ಹಾಕಿಸಿ ಬಿಡು. ಧೈರ್ಯಾಗಿ ಕಟ್ಕೋಬಹುದು. ಇಲ್ಲಾಂದ್ರ ರೊಟ್ಟಿ ಮಾಡುವಾಗ ತಗದಿಡು."

ತಗದಿಡು. ಅಂಗಡಿಯ ದೀಪಗಳ ನಡುವೆ ನನಗೆ ಅವ್ವನ ಟ್ರಂಕು ಕಂಡಿತು. ನನ್ನ ಅರ್ಧ ದಿನ ರೊಟ್ಟಿ ಕಲ್ಲಿನ ಮುಂದೆಯೇ ಕಳೆಯುತ್ತದೆ. ಆಗ ತೆಗೆದಿಟ್ಟರೆ ಕಟ್ಟಿಕೊಳ್ಳುವುದು ಯಾವಾಗ, ಮಂದಿಯ ಮದುವೆಗೋ?

"ಹಾಕಿಸೂದೂ ಇಲ್ಲ, ತಗದಿಡೂದೂ ಇಲ್ಲ" ಅಂದೆ.

ಯಜಮಾನರು ತಮ್ಮದಕ್ಕೆ ಹಾಕಿಸಿಕೊಂಡರು.

ನಾನೇನು ವಿಮೆಯ ವೈರಿಯಲ್ಲ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮೆಣಸಿನಕಾಯಿಗೆ ವಿಮೆ ಮಾಡಿಸಿರಿ ಅಂತ ಅವರ ಬೆನ್ನು ಹತ್ತಿದವಳು ನಾನೇ. ಅದು ಸುಟ್ಟರೆ ನಾವು ಬೀದಿಗೆ ಬೀಳುತ್ತೇವೆ. ವಾಚು ಕೆಟ್ಟರೆ ಏನಾಗುತ್ತದೆ? ಗೋಡೆಯ ಗಡಿಯಾರ ನೋಡುತ್ತೇವೆ. ಹೋದರೆ ತಾಳಿಕೊಳ್ಳಬಹುದಾದ ವಸ್ತುವಿಗೆ ಹೆದರಿ ಮುಂಗಡ ದಂಡ ಕಟ್ಟುವುದು ನನ್ನಿಂದಾಗದು. ಹುಟ್ಟು ಊನವಿದ್ದರೆ ಅದು ಬಹುಮಟ್ಟಿಗೆ ಕಂಪನಿಯ ವರ್ಷದೊಳಗೇ ಹೊರಬೀಳುತ್ತದೆ. ಆಮೇಲೆ ಕೆಡಿಸುವುದು ನಮ್ಮ ಕೈ, ನಮ್ಮ ನೀರು, ನಮ್ಮ ಧೂಳು. ಅದಾವುದೂ ಅವರಿಗೆ ಬೇಡ.

ಮರುದಿನದಿಂದ ವಾಚನ್ನು ರೊಟ್ಟಿ ಬಡಿಯುವ ಬಲಗೈಗೇ ಬೇಕಂತಲೇ ಕಟ್ಟಿಕೊಂಡೆ. ಅದಕ್ಕೆ ರೊಟ್ಟಿ ಗೊತ್ತಿಲ್ಲ ಪಾಪ. ಅಂಗೈ ಟಪಟಪ ಬಿದ್ದಾಗಲೆಲ್ಲ ನಾನು ನಡೆಯುತ್ತಿದ್ದೇನೆ ಅಂತಲೇ ತಿಳಿಯಿತು. ಬುಟ್ಟಿ ತುಂಬುವ ಹೊತ್ತಿಗೆ, ಕೂತಲ್ಲೇ ಕಾಗಿನೆಲೆಗೆ ಹೋಗಿ ಬಂದಷ್ಟು ಹೆಜ್ಜೆ ತೋರಿಸಿ, ಭೇಷ್ ಎನ್ನುವಂತೆ ಗುರ್ ಅಂತ ನಡುಗಿತು. ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಯಜಮಾನರ ಹೆಜ್ಜೆ ಅಂಗಳ ದಾಟಿರಲಿಲ್ಲ. "ಅದು ಖೊಟ್ಟಿ ಲೆಕ್ಕ" ಅಂದರು. ಖೊಟ್ಟಿಯಾದರೇನು, ಇಷ್ಟು ವರ್ಷದಲ್ಲಿ ನನ್ನ ರೊಟ್ಟಿಗೆ ಯಾರೋ ಒಬ್ಬರು ಲೆಕ್ಕ ಇಟ್ಟರಲ್ಲ!

ಮಳೆಗಾಲ ಮುಗಿಯುವ ಮೊದಲೇ ಗ್ಯಾಸ್ ಸಿಲಿಂಡರ್ ಸರಿಸುವಾಗ ವಾಚು ಅದರ ಕುತ್ತಿಗೆಗೆ ಬಡಿದು ಗಾಜು ಸೀಳಿತು. ಯಜಮಾನರು ಅದನ್ನೇ ಕಾಯುತ್ತಿದ್ದವರಂತೆ "ಹೇಳಿದ್ದಿಲ್ಲ ನಾನು?" ಅಂದರು. "ಗಾಜು ಅದರಾಗೂ ಬರತಿದ್ದಿಲ್ರಿ" ಅಂದೆ. ಸೀಳಿನ ಕೆಳಗೆ ಟೈಮು ಕಾಣುತ್ತಿತ್ತು. ಸೀಳಿದ ಗಾಜಿನ ಮೇಲೆ ಪಾರದರ್ಶಕ ಟೇಪು ಅಂಟಿಸಿ ಮತ್ತೆ ಕಟ್ಟಿಕೊಂಡೆ.

ಅವರ ವಾಚು ಅಷ್ಟರಲ್ಲಿ ಕಪಾಟು ಸೇರಿತ್ತು. ಪೇಟೆಯಲ್ಲಿ ಕೆಂಪು ಧೂಳು ಹತ್ತುತ್ತದೆ, ವಾರಂಟಿ ಹಾಳಾಗುತ್ತದೆ ಅಂತ ಡಬ್ಬಿಯೊಳಗೇ ಮಲಗಿಸಿದ್ದರು. ಕಂಪನಿಯ ವರ್ಷ ಕಳೆದ ಮೇಲೆ, ಕರ್ಜಗಿಯಲ್ಲಿ ಬೀಗರ ಮನೆಯ ಮದುವೆ ಬಂದಾಗ ತೆಗೆದು ನೋಡಿದರೆ ಜೀವವಿಲ್ಲ. ಚಾರ್ಜಿಗೆ ಹಾಕಿದರು, ಬೆಳಕು ಬರಲಿಲ್ಲ. ಅವರ ಮುಖ ಮಾತ್ರ ಬೆಳಗಿತು. "ಈಗ ನೋಡು, ವಾರಂಟಿ ಅಂದ್ರ ಏನಂತ" ಅಂದವರೇ ಹಾವೇರಿಗೆ ಹೋದರು.

ಸಂಜೆ ಬಂದವರು ಚಪ್ಪಲಿ ಬಿಡುವಾಗಲೇ ತಲೆ ತಗ್ಗಿಸಿದ್ದರು. "ಚಾರ್ಜ್ ಮಾಡದ ಭಾಳ ದಿನ ಇಟ್ರ ಬ್ಯಾಟರಿ ಸಾಯತೈತಂತ. ಬ್ಯಾಟರಿ ಬರಂಗಿಲ್ಲಂತ."

ಒಳ್ಳೆಯ ಹೆಂಡತಿಯಾದರೆ ಸುಮ್ಮನಿರುತ್ತಿದ್ದಳೇನೋ. ನಾನು "ಹೇಳಿದ್ದಿಲ್ಲ ನಾನು?" ಅಂದೆ. ಚಹಾ ಕೊಡುವಾಗ ಇನ್ನೊಂದು ಸಲ ಅಂದೆ.

ಮದುವೆಯ ದಿನ ಖಾನಾವಳಿಯ ರೊಟ್ಟಿ ಮುಗಿಸದೆ ನಾನು ಏಳುವಂತಿರಲಿಲ್ಲ. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪಡಸಾಲೆಯ ಬಾಗಿಲಲ್ಲಿ ಬಂದು ನಿಂತರು. ಮಣಿಕಟ್ಟಿನಲ್ಲಿ ವಾಚು ಫಳಫಳ ಹೊಳೆಯುತ್ತಿತ್ತು. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಸತ್ತ ವಾಚನ್ನೇ ಕಟ್ಟಿಕೊಂಡಿದ್ದರು.

"ಟೈಮ್ ಎಷ್ಟಾತು?" ಅಂತ ಕೇಳಿದರು.

ನನ್ನ ಕೈ ಕಲ್ಲಿನ ಮೇಲೆಯೇ ನಿಂತಿತು. ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಅವ್ವನ ವಾಚು ಓಡಿದ ದಿನ ಬರದಿದ್ದ ಅಳು ಈಗ ಬಂತು. ಏನಾಯಿತೆಂದು ತಿಳಿಯದೆ ಅವರು ಹತ್ತಿರ ಬಂದು ಕೂತರು. ನಾನು ಹಿಟ್ಟಿನ ಕೈಯನ್ನು ಹಾಗೆಯೇ ಮುಂದೆ ಚಾಚಿದೆ. ಅವರು ಗಾಜಿನ ಮೇಲಿನ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ, ಸೀಳಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಲಗೂ ಮುಗಸು, ಬಸ್ಸು ಹೋಕ್ಕೈತಿ" ಅಂದರು.

ಆ ದಿನ ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನನ್ನನ್ನು ಟೈಮ್ ಕೇಳಿದಳು. ಟೇಪು ಅಂಟಿಸಿದ ವಾಚು ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.