ಎಡಕ್ಕೆ ವಾಲಿದ ಗೆರೆಗಳು

ಮೊನ್ನೆ ಯಾದಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಗುಳಿಗೆಯ ಪಟ್ಟಿಯ ಮೇಲಿನ ಅಕ್ಷರ ಓದತೊಡಗಿದರು. ಮುಂಜಾನೆಯ ಬಿಸಿಲು ಆ ಗಾಜಿನೊಳಗಿಂದ ಹಾದು ಅವರ ಅಂಗೈ ಮೇಲೆ ಬೆಳಕಿನ ಬಿಲ್ಲೆಯಾಗಿ ಕುಣಿಯುತ್ತಿತ್ತು. ಅವರಿಗೆ ಗುಳಿಗೆಯ ಹೆಸರು ಸಿಕ್ಕಿತೋ ಇಲ್ಲವೋ ನಾನು ಕೇಳಲಿಲ್ಲ. ನನ್ನ ಮನಸ್ಸು ಆಗಲೇ ಸುರಪುರದ ಒಂದು ಪಡಸಾಲೆಗೆ ಓಡಿಹೋಗಿತ್ತು.

ಈ ಭೂತಗನ್ನಡಿ ಎಂಬ ಹೆಸರನ್ನು ಯಾರಿಟ್ಟರೋ! ಚಿಕ್ಕವನಿದ್ದಾಗ ಅದರಲ್ಲಿ ನೋಡಿದರೆ ದೆವ್ವ ಕಾಣುತ್ತವೆ ಎಂದು ನಂಬಿದ್ದೆ. ನಲವತ್ತು ದಾಟಿದ ಮೇಲೆ ಬೇರೊಂದು ಹೆದರಿಕೆ ಹುಟ್ಟಿತು. ಅದನ್ನು ಕೈಯಲ್ಲಿ ಹಿಡಿದರೆ ಮುದುಕನಾದೆ ಎಂದು ಒಪ್ಪಿಕೊಂಡಂತೆ. ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಶಾಲೆಯಲ್ಲಿ ಮಕ್ಕಳಿಗೆ ಹೂಜಿ, ಮಾವಿನಕಾಯಿ ಬರೆಸುವುದು ಕೆಲಸ. ಮನೆಯಲ್ಲಿ ಅಂಗೈಯಗಲದ ಸಣ್ಣ ಚಿತ್ರ ಬರೆಯುವುದು ಹುಚ್ಚು. ಆ ಹುಚ್ಚು ಹಿಡಿಸಿದವರು ಸುರಪುರದ ಈರಣ್ಣ ಕಾಕಾ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಅವರ ಚಿತ್ರವೊಂದನ್ನು ಯಾರದೋ ದೇವರ ಮನೆಯಲ್ಲಿ ನೋಡಿ, ವಿಳಾಸ ಕೇಳಿಕೊಂಡು ಹೋಗಿ ಅವರ ಬಾಗಿಲಲ್ಲಿ ನಿಂತವನು ನಾನು. ಅಂದಿನಿಂದ ಪ್ರತಿ ರವಿವಾರ ಹತ್ತಿಗೂಡೂರು ಮಾರ್ಗದ ಬಸ್ಸು ಹಿಡಿದು ಸುರಪುರ. ಅಳಿಲಿನ ಬಾಲದ ಕೂದಲು ಕಟ್ಟಿದ ಕುಂಚ, ಚಿಪ್ಪಿನಲ್ಲಿ ಕಲಸಿದ ಬಣ್ಣ, ಬೆರಳಿಗಂಟುವ ಬಂಗಾರದ ವರ್ಖದ ತೆಳು ಹಾಳೆ. ಕಾಕಾ ಬಾಯಿಬಿಟ್ಟು ಹೊಗಳಿದ್ದು ನನಗೆ ನೆನಪಿಲ್ಲ. ದೇವಿಯ ಕೊರಳಿಗೆ ನಾನು ಮುತ್ತು ಇಟ್ಟಾಗಲಂತೂ ಅವರ ಮುಖ ಹುಳ್ಳಗಾಗುತ್ತಿತ್ತು. “ಇವು ಮುತ್ತಲ್ಲೋ ತಮ್ಮಾ, ಜ್ವಾಳ,” ಎನ್ನುತ್ತಿದ್ದರು. ಆಮೇಲೆ, “ನಡಿ, ಮೂಲಿ ಹೋಟೆಲಿಗಿ ಹೋಗಿ ಚಹಾ ಕುಡದ ಬರೂಣು. ಅಷ್ಟರಾಗ ಬಣ್ಣ ಒಣಗತಾವ,” ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದರು.

ಅರ್ಧ ತಾಸು ಬಿಟ್ಟು ಬಂದು ನೋಡಿದರೆ, ಅಬ್ಬಾ! ನನ್ನ ಜೋಳದ ಕಾಳುಗಳು ದುಂಡಗೆ ಮಿನುಗುತ್ತಿದ್ದವು. “ನೋಡು, ಒಣಗಿದ ಮ್ಯಾಲ ಸರಿಹೋಗ್ಯಾವ,” ಎನ್ನುತ್ತಿದ್ದರು ಕಾಕಾ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಮುಂದೆ ನೌಕರಿ ಸಿಕ್ಕಿದ ಮೇಲೆ ಇಪ್ಪತ್ತು ವರ್ಷ ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿಕೊಟ್ಟೆ: “ಒಣಗಲಿ ಬಿಡ್ರೋ, ತಾನ ಸರಿಹೋಗ್ತದ.” ಅವರ ಬಣ್ಣಗಳು ಮಾತ್ರ ಒಣಗಿದ ಮೇಲೂ ಹಾಗೆಯೇ ಇರುತ್ತಿದ್ದವು. ಕಾಗದ ಸರಿಯಿಲ್ಲ ಎಂದುಕೊಂಡೆ.

ನಲವತ್ಮೂರಕ್ಕೆ ನನ್ನ ಕಣ್ಣು ಕೈಕೊಟ್ಟಿತು. ದೂರದ ಗುಡ್ಡದ ಬಂಡೆ ಎಣಿಸಬಲ್ಲೆ. ಮೂಗಿನ ಕೆಳಗಿನ ಕುಂಚದ ತುದಿ ಮಂಜು. ಕನ್ನಡಕ ಹಾಕಿಕೊಳ್ಳಲು ಒಣ ಜಂಬ ಬಿಡಲಿಲ್ಲ. ಅಂದಾಜಿನಲ್ಲೇ ಲಕ್ಷ್ಮಿಯೊಬ್ಬಳನ್ನು ಬರೆದು ಸುರಪುರಕ್ಕೆ ಒಯ್ದೆ. ಕಾಕಾ ಆ ಹೊತ್ತಿಗೆ ಚಿತ್ರ ಬರೆಯುವುದನ್ನು ನಿಲ್ಲಿಸಿ ಆರು ವರ್ಷವಾಗಿತ್ತು. ಯಾಕೆಂದು ಕೇಳಿದರೆ “ಸಾಕಾತು” ಎಂಬ ಒಂದೇ ಮಾತು. ಆದರೆ ಬೇರೆಯವರ ತಪ್ಪು ಹಿಡಿಯುವುದು ಸಾಕಾಗಿರಲಿಲ್ಲ. ನನ್ನ ಲಕ್ಷ್ಮಿಯನ್ನು ಬಾಗಿಲ ಬೆಳಕಿಗೆ ಹಿಡಿದು ಹೇಳಿದರು: “ಅಲ್ಲೋ ಮಾಸ್ತರ, ಈಕಿ ಒಂದ ಕಣ್ಣ ಯಾದಗಿರಿ ಕಡಿ ಹೊಂಟದ, ಇನ್ನೊಂದು ಲಿಂಗಸೂಗೂರ ಕಡಿ. ಭಕ್ತರು ಎಲ್ಲಿ ನಿಂತು ಕೈ ಮುಗಿಬೇಕು?” ಒಳಗಿನಿಂದ ಅವರ ಹೆಂಡತಿ ನೀಲವ್ವ ಕಾಕು ಫಕ್ಕನೆ ನಕ್ಕ ಸದ್ದು ಕೇಳಿತು.

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಕುಂಚ ಕೆಳಗಿಡುವ ನಿರ್ಧಾರ ಮಾಡಿದ್ದೆ. ಅದನ್ನು ಕೆಡಿಸಿದವರು ಶಹಾಪುರದ ಬಜಾರಿನ ಗಡಿಯಾರದ ಮಹಬೂಬ್ ಚಾಚಾ.

ಕೈಗಡಿಯಾರ ನಿಂತಿತ್ತು ಎಂದು ಬಸ್ಸಿಳಿದವನೇ ಅವರ ಅಂಗಡಿಗೆ ಹೋಗಿದ್ದೆ. ಚಾಚಾ ಒಂದು ಕಣ್ಣಿಗೆ ಕರಿ ಬುರುಡೆಯಂಥ ಮಸೂರ ಸಿಗಿಸಿಕೊಂಡು, ಮಗ್ಗುಲಲ್ಲಿ ಬಗ್ಗುವ ದೀಪ ಹಚ್ಚಿಕೊಂಡು, ಸಾಸಿವೆಗಿಂತ ಸಣ್ಣ ಚಕ್ರವನ್ನು ಚಿಮಟದಲ್ಲಿ ಹಿಡಿದು ಕೂಡಿಸುತ್ತಿದ್ದರು. ಅವರ ವಯಸ್ಸು ನನಗಿಂತ ಇಪ್ಪತ್ತೈದು ವರ್ಷ ಹೆಚ್ಚು! ನಾಚಿಕೆ ಬಿಟ್ಟು ಕೇಳಿದೆ, “ಚಾಚಾ, ಒಂದು ಸಲ ನಾ ನೋಡ್ಲೇನ್ರಿ?”

ಮಸೂರ ನನ್ನ ಕಣ್ಣಿಗೆ ಬಂತು. ಚೀಲದಲ್ಲಿದ್ದ ಲಕ್ಷ್ಮಿಯನ್ನು ತೆಗೆದು ಅದರ ಕೆಳಗೆ ಹಿಡಿದೆ. ಯಪ್ಪಾ! ನಾನು ಗೆರೆ ಎಂದುಕೊಂಡಿದ್ದೆಲ್ಲ ಮಳೆಗಾಲದ ರಸ್ತೆ. ತಗ್ಗು, ದಿನ್ನೆ, ಕೆಸರು. ಆದರೆ ನೋಡಿ, ನನಗೆ ದುಃಖವಾಗಲಿಲ್ಲ. ಕೈ ಕೆಟ್ಟಿಲ್ಲ, ಕಣ್ಣಷ್ಟೇ ಸೋತಿದೆ ಎಂದು ಗೊತ್ತಾದ ಖುಷಿಗೆ ಅಂಗಡಿಯ ಕಟ್ಟೆಯ ಮೇಲೇ ಕುಣಿಯುವಂತಾಯಿತು.

“ಖುಷ್ ಆಗ್ಬ್ಯಾಡ್ರಿ ಇಷ್ಟಕ್ಕ,” ಎಂದರು ಚಾಚಾ. “ಮಂದಿ ಮೊದಲು ಗಾಜು ತೊಗೋತಾರ, ಆಮ್ಯಾಲ ದೀಪ. ಉಲ್ಟಾ ಅದು. ಮೊದಲು ರೋಶನಿ ಬೇಕು. ಕತ್ತಲ ದೊಡ್ಡದು ಮಾಡಿ ನೋಡಿದ್ರ ಕತ್ತಲನ ಕಾಣ್ತದ, ಹೌದಲ್ರಿ?” ದೀಪದ ಕತ್ತು ತಿರುಗಿಸಿ ತೋರಿಸಿದರು. “ನೀವು ಬಲಗೈಯವ್ರು. ದೀಪ ಎಡಕ್ಕಿರಬೇಕು. ಇಲ್ಲಂದ್ರ ನಿಮ್ಮ ಕೈದ ನೆರಳು ನಿಮ್ಮ ಕೆಲಸದ ಮ್ಯಾಲ ಬೀಳ್ತದ. ಮತ್ತ ತಾಸಿಗೊಮ್ಮಿ ತಲಿ ಎತ್ತಿ ದೂರ ನೋಡ್ರಿ. ಕಣ್ಣಿಗೂ ದಮ್ ತೊಗೊಳ್ಳಾಕ ಬಿಡಬೇಕು.”

ಆ ವಾರವೇ ದುಂಡು ಗಾಜಿನ ಪಕ್ಕ ಬಗ್ಗುವ ಕತ್ತಿನ ದೀಪವಿರುವ ಸ್ಟ್ಯಾಂಡೊಂದನ್ನು ತರಿಸಿಕೊಂಡೆ. ಬೆಳಕನ್ನು ಎಡಕ್ಕೆ ವಾಲಿಸಿ ಕುಳಿತೆ. ಮೊದಲ ದಿನ ಚಿತ್ರ ಬರೆಯಲೇ ಇಲ್ಲ. ಮನೆಯ ಒಂದೊಂದೇ ವಸ್ತು ತಂದು ನೋಡುತ್ತ ಹೋದೆ. ಸಕ್ಕರೆ ಹರಳು, ಸೀರೆಯ ಸೆರಗು, ಜೀರಿಗೆಯ ಮೈಮೇಲಿನ ಗೀರು. “ಊಟಕ್ಕ ಬರ್ತೀರೋ, ಅನ್ನನೂ ಅದರಾಗ ನೋಡ್ತೀರೋ?” ಎಂದಳು ಹೆಂಡತಿ. ಎರಡನೆಯ ದಿನ ಕುಂಚದ ಒಂದೇ ಒಂದು ಕೂದಲು ಬಣ್ಣ ಹೀರಿ ಬಾಗುವುದನ್ನು ಕಂಡೆ. ಇಪ್ಪತ್ಮೂರು ವರ್ಷ ಹಿಡಿದ ಕುಂಚವನ್ನು ಅವತ್ತೇ ಮೊದಲ ಸಲ ಭೇಟಿಯಾದಂತಿತ್ತು. ಆ ಹುರುಪಿನಲ್ಲಿ ಒಂದು ನವಿಲಿಗೆ ಎಷ್ಟು ಎಳೆ ಬರೆದೆನೆಂದರೆ ಗಾಜು ಸರಿಸಿ ನೋಡಿದಾಗ ಅದು ಕಸಬರಿಗೆಯಂತೆ ನಿಂತಿತ್ತು. ಎಲ್ಲ ಕಾಣುತ್ತದೆಂದು ಎಲ್ಲವನ್ನೂ ಬರೆಯಬಾರದು ಎಂಬ ಬುದ್ಧಿ ನಿಧಾನಕ್ಕೆ ಬಂತು.

ನಾಲ್ಕನೆಯ ದಿನ, ಕಾಕಾ ಹಿಂದೊಮ್ಮೆ ನನಗೆ ಕೊಟ್ಟಿದ್ದ ಅಂಗೈಯಗಲದ ಬಾಲಕೃಷ್ಣನ ಚಿತ್ರವನ್ನು ಗಾಜಿನ ಕೆಳಗಿಟ್ಟೆ. ದೊಡ್ಡವರು ಹೇಗೆ ಮಾಡಿದ್ದಾರೆ ನೋಡೋಣವೆಂದು. ಪೀತಾಂಬರದ ಮಡಿಕೆಗಳಲ್ಲಿ ನೆರಳಿಗಾಗಿ ಎಳೆದ ಸಣ್ಣ ಗೆರೆಗಳು ಸಾಲಾಗಿ ಬಲಕ್ಕೆ ವಾಲಿದ್ದವು. ಸರಿ. ಕೆನ್ನೆಗೆ ಬಂದೆ. ಅಲ್ಲಿನ ಗೆರೆಗಳು ಕೂದಲಿನ ಕಾಲುಭಾಗದಷ್ಟು ಸಣ್ಣವು, ಉಸಿರು ನಿಲ್ಲುವಂಥವು, ಮತ್ತು ಅವೆಲ್ಲ ಎಡಕ್ಕೆ ವಾಲಿದ್ದವು.

ಡ್ರಾಯಿಂಗ್ ಮಾಸ್ತರನಾಗಿದ್ದಕ್ಕೆ ನನಗೆ ಬಂದಿರುವ ವಿದ್ಯೆ ಇದೊಂದೇ ಎನ್ನಬಹುದು. ಸಾವಿರಾರು ಮಕ್ಕಳ ಹೂಜಿಗಳನ್ನು ತಿದ್ದಿದವನು ನಾನು. ಬಲಗೈಯ ಮಗು ನೆರಳು ತುಂಬಿದರೆ ಗೆರೆ ಬಲಕ್ಕೆ ವಾಲುತ್ತದೆ, ಎಡಗೈಯ ಮಗುವಿನದು ಎಡಕ್ಕೆ. ಹೆಸರು ನೋಡದೆ ಹೇಳಬಲ್ಲೆ. ಮುತ್ತಿನ ಹಾರ ನೋಡಿದೆ: ಪ್ರತಿ ಮುತ್ತಿನ ಅಂಚಿನ ಬೂದು ಗೆರೆಯೂ ಎಡಗೈಯದು. ರೆಪ್ಪೆ, ಹುಬ್ಬು, ಬೆರಳಿನ ಉಗುರು, ಎಲ್ಲ ಎಡಗೈಯದು.

ಕಾಕಾ ಎರಡೂ ಕೈಯಲ್ಲಿ ಬರೆಯುತ್ತಿದ್ದರೇ! ಇಷ್ಟು ವರ್ಷ ನನಗೆ ಹೇಳದೆ! ರವಿವಾರ ಬರುವವರೆಗೆ ತಡೆದುಕೊಳ್ಳುವುದೇ ಕಷ್ಟವಾಯಿತು. ದೀಪದ ಸ್ಟ್ಯಾಂಡನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೇ ಹೊರಟೆ. ಇಕ್ಕೆಲದ ಭತ್ತದ ಗದ್ದೆಗಳಲ್ಲಿ ಕಾಲುವೆಯ ನೀರು ಹೊಳೆಯುತ್ತಿದ್ದರೂ ನನಗೆ ಅದ್ಯಾವುದೂ ಬೇಕಾಗಿರಲಿಲ್ಲ.

“ಭೂತಗನ್ನಡಿ ತಂದಾನ ನೋಡು, ಮುದುಕ,” ಎಂದು ಕಾಕಾ ಸ್ವಾಗತಿಸಿದರು. ನಾನು ಮಾತಾಡದೆ ಪಡಸಾಲೆಯಲ್ಲಿ ದೀಪ ಜೋಡಿಸಿ, ಕತ್ತನ್ನು ಎಡಕ್ಕೆ ತಿರುಗಿಸಿ, ಅದರ ಕೆಳಗೆ ಬಾಲಕೃಷ್ಣನನ್ನು ಇಟ್ಟೆ. ಅವರು ಬಗ್ಗಿ ನೋಡಿದರು.

“ಕಾಕಾ, ನೀವು ಎಡಗೈಲೆನೂ ಬರೀತಿದ್ರೇನ್ರಿ?”

ಬಾಗಿಲ ಬಳಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದ ನೀಲವ್ವ ಕಾಕುವಿನ ಮೊರದ ಸದ್ದು ನಿಂತಿತು. ಕಾಕಾ ಅತ್ತ ನೋಡಿ ಮೆಲ್ಲಗೆ ಕೇಳಿದರು, “ನೀ ಹೇಳ್ತಿಯೋ, ನಾ ಹೇಳ್ಲೋ?”

ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದು ಕಾಕಾನನ್ನು ಸರಿಸಿ ಮಣೆಯ ಮೇಲೆ ಕುಳಿತರು. ಗಾಜಿನೊಳಗೆ ಒಮ್ಮೆ ಇಣುಕಿದರು. ಹುಬ್ಬು ಗಂಟಿಕ್ಕಿದರು. ಆಮೇಲೆ ಕೈ ಚಾಚಿ, ನಾನು ಎಡಕ್ಕೆ ತಿರುಗಿಸಿಟ್ಟಿದ್ದ ದೀಪದ ಕತ್ತನ್ನು ಹಿಡಿದು ಬಲಕ್ಕೆ ತಿರುಗಿಸಿದರು.

ಎಡಗೈಯಲ್ಲಿ ಬರೆಯುವವರಿಗೆ ಮಾತ್ರ ದೀಪ ಬಲಕ್ಕೆ ಬೇಕು.

“ಲಗ್ನಾಗಿ ಮೂರನೇ ವರ್ಷ,” ಎಂದರು ಕಾಕಾ, ಗೋಡೆಗೆ ಒರಗಿ. “ಒಂದು ದಿನ ನಾ ಕೆಡಿಸಿಟ್ಟ ಮುತ್ತ ಈಕಿ ಸರಿ ಮಾಡಿಟ್ಟಿದ್ಲು. ಅವತ್ತಿನಿಂದ ಮುಖ, ಮುತ್ತು, ಬೆರಳು, ಎಲ್ಲಾ ಆಕಿದು. ಬಟ್ಟಿ, ಗಿಡ, ಸಹಿ ನಂದು.”

“ಮತ್ತ ಯಾಕ ಯಾರಿಗೂ ಹೇಳಲಿಲ್ರಿ?” ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ದೇವರ ಮನ್ಯಾಗ ಇಡೋ ಚಿತ್ರ ಎಡಗೈಲೆ ಬರದದ್ದು ಅಂದ್ರ ಯಾರ ಒಯ್ತಾರೋ?” ಎಂದರು. ಆಮೇಲೆ, “ಅದು ಒಂದು. ಖರೇ ಹೇಳ್ಬೇಕಂದ್ರ, ಹೊಗಳಿಸಿಕೊಳ್ಳಾಕ ನನಗೂ ಛಲೋ ಅನಸ್ತಿತ್ತು. ಆರು ವರ್ಷದ ಹಿಂದ ಈಕಿಗಿ ಸಣ್ಣ ಗೆರಿ ಕಾಣಲಾರದಂಗ ಆತು. ನಾನೂ ನಿಲ್ಲಿಸಿಬಿಟ್ಟೆ. ಸಾಕಾತು ಅಂತ ಮಂದಿಗಿ ಹೇಳಿದೆ.”

ಆಗ ನನಗೆ ಮೂಲೆ ಹೋಟೆಲಿನ ಚಹಾ ನೆನಪಾಯಿತು. ಒಣಗಿದ ಮೇಲೆ ತಾವಾಗಿಯೇ ಸರಿಹೋಗುತ್ತಿದ್ದ ಮುತ್ತುಗಳು! ಕಾಕು ನನ್ನ ಮುಖ ನೋಡಿಯೇ ಹಿಡಿದುಬಿಟ್ಟರು. “ಹೌದಪಾ, ನಾನ. ಏನ ಮಾಡ್ಲಿ, ಅಷ್ಟು ಹೊಲಸು ಇಡ್ತಿದ್ದಿ. ಬಿಟ್ಟ ಹೋಗಾಕ ಮನಸ್ಸ ಬರ್ತಿರಲಿಲ್ಲ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ಮೂರು ವರ್ಷ ಆ ಮನೆಯಲ್ಲಿ ಉಂಡಿದ್ದೆ, ಆ ತಾಯಿಗೆ “ಕಾಕು, ನೀರ ಕೊಡ್ರಿ” ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಕೇಳಿರಲಿಲ್ಲ. ಕಾಕಾನ ಮೇಲೆ ಸಿಟ್ಟು ಬಂತು. ಆದರೆ ನಾನೇನು ಕಡಿಮೆ? ಎಡಗೈಯಲ್ಲಿ ಪೆನ್ಸಿಲ್ ಹಿಡಿದ ಎಷ್ಟು ಮಕ್ಕಳಿಗೆ “ಕೈ ಬದಲಾಯಿಸು” ಎಂದಿದ್ದೇನೋ ನೆನೆದು ಕಿವಿ ಬಿಸಿಯಾದವು. ಎದ್ದು ಹೋಗಿ ಕಾಕುವಿನ ಕಾಲು ಮುಟ್ಟಿದೆ. “ಸರಿ ಸರಿ, ಬೆಳಕಿಗಿ ಅಡ್ಡ ಬರಬ್ಯಾಡ,” ಎಂದರು ಅವರು. ಅವರ ಕಣ್ಣು ಆಗಲೇ ಗಾಜಿನೊಳಗೆ ಇಳಿದಿತ್ತು. “ಏನ್ರಿ, ಸಫೇದಾ ಎಲ್ಲಿಟ್ಟೀರಿ?”

ಕಾಕಾ ಎದ್ದ ಹುರುಪನ್ನು ನೀವು ನೋಡಬೇಕಿತ್ತು! ಗೂಡು ತಡಕಾಡಿ, ಬಿಳಿ ಬಣ್ಣದ ಬುಡ್ಡಿ ತಂದು, ಒಣಗಿದ್ದನ್ನು ಗೋಂದಿನ ನೀರಲ್ಲಿ ತಾವೇ ಅರೆದರು. ಕಾಕು ಹಳೆಯ ಕಾಗದದ ಚೂರಿನ ಮೇಲೆ ಮೊದಲೊಂದು ಬೂದು ಚುಕ್ಕೆ ಇಟ್ಟರು. ಅದರ ಮೇಲೆ ಕುಂಚವನ್ನು ನೆಟ್ಟಗೆ ನಿಲ್ಲಿಸಿ ಬಿಳಿ ಹನಿಯೊಂದನ್ನು ಬಿಟ್ಟರು. ಅಂಚಿಗೆ ಎಡಕ್ಕೆ ವಾಲಿದ ಒಂದು ಗೆರೆ. ಮುತ್ತು! ಆರು ವರ್ಷದ ಮೇಲೆ, ಅರವತ್ತೈದರ ಆ ಕೈ ಒಂದಿಷ್ಟೂ ನಡುಗಲಿಲ್ಲ. ಎರಡನೆಯದು, ಮೂರನೆಯದು, ಸಾಲು ಹೊರಟಿತು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದಾಗ ಕಾಕು ತಲೆ ಎತ್ತದೆ ಅಂದರು, “ಯಾರರೆ ಹೋಗಿ ಇಳಿಸ್ರಿ.” ಇಳಿಸಿದವರು ಕಾಕಾ.

ದೀಪವನ್ನು ಅಲ್ಲೇ ಬಿಟ್ಟು ಬಂದೆ; ನನಗೆ ಇನ್ನೊಂದನ್ನು ತರಿಸಿಕೊಂಡೆ. ಆ ವರ್ಷ ಒಂದು ಪಾರ್ವತಿಯ ಚಿತ್ರ ಮುಗಿದಾಗ ಕಾಕಾ ಅದರ ಕೆಳಗೆ, ಗಾಜಿನಲ್ಲಿ ನೋಡುತ್ತ, ‘ನೀಲವ್ವ’ ಎಂದು ಬರೆದರು. ಅಕ್ಷರ ಸೊಟ್ಟಗಿತ್ತು. ಅದನ್ನು ಒಯ್ಯಲು ಬಂದಿದ್ದ ವ್ಯಾಪಾರಿಗೆ, “ಇದು ನನ್ನ ಹೆಂಡ್ತಿ ಬರದದ್ದು. ಎಡಗೈಲೆ. ಬೇಕಂದ್ರ ಒಯ್ರಿ,” ಎಂದು ಒಂದೇ ಉಸಿರಿಗೆ ಹೇಳಿ ಮುಖ ತಿರುಗಿಸಿಕೊಂಡರು. ವ್ಯಾಪಾರಿ ಒಂದು ಗಳಿಗೆ ಪಾರ್ವತಿಯನ್ನೇ ನೋಡಿದರು. “ಅವ್ವಾರ, ನಮ್ಮ ಮನಿಗಿ ಗಣಪತಿದೂ ಒಂದು ಬೇಕಾಗಿತ್ತು,” ಎಂದರು.

ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ನಾನು ಈಗಲೂ ರವಿವಾರ ಸುರಪುರಕ್ಕೆ ಹೋಗುತ್ತೇನೆ, ಈಗ ಕಾಕುವಿನ ಹತ್ತಿರ ಕಲಿಯಲು. ಇವರು ಕಾಕಾನಷ್ಟು ಮೃದು ಅಲ್ಲ. ಮೊದಲಿನಂತೆ ಕದ್ದು ತಿದ್ದಿಕೊಡುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಶಾಲೆಯಲ್ಲಿ ಬಲಬದಿಯ ಕಿಟಕಿಯ ಬೆಂಚನ್ನು ಎಡಗೈಯ ಮಕ್ಕಳಿಗೆಂದೇ ಮೀಸಲಿಟ್ಟಿದ್ದೇನೆ. ಈ ವರ್ಷ ಅಲ್ಲಿ ಮೂವರು ಹುಡುಗಿಯರು ಕೂರುತ್ತಾರೆ, ಬಹಳ ಗಲಾಟೆ ಮಾಡುತ್ತಾರೆ.

ಹೋದ ರವಿವಾರ ಕಾಕು ನಾನು ಬರೆದ ಮುತ್ತಿನ ಸರವನ್ನು ಗಾಜಿನ ಕೆಳಗೆ ಎಳೆದುಕೊಂಡು ಒಂದೊಂದಾಗಿ ನೋಡುತ್ತ ಹೋದರು. ಜ್ವಾಳ, ಜ್ವಾಳ, ಜ್ವಾಳ. ಹದಿನೇಳನೆಯದಕ್ಕೆ ಬೆರಳು ನಿಂತಿತು. “ಹಾಂ,” ಎಂದರು. “ಇದು ಮುತ್ತು.” ಉಳಿದವನ್ನು ಒರೆಸಿ ಅದೊಂದನ್ನು ಬಿಟ್ಟರು.

ಬಸ್ ಸ್ಟ್ಯಾಂಡಿಗೆ ಹೇಗೆ ಬಂದೆನೋ, ಬಸ್ಸು ಹೇಗೆ ಹತ್ತಿದೆನೋ ತಿಳಿಯದು. ಕಂಡಕ್ಟರ್ ಬಂದು ಭುಜ ತಟ್ಟಿ “ಎಷ್ಟ್ರಿ?” ಎಂದಾಗ ನಾನು ಹಲ್ಲು ಕಿರಿದು, “ಒಂದ ಬಂತ್ರಿ! ಕಡಿಗೂ ಒಂದ ಬಂತು!” ಎಂದೆ. ಅವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, “ಒಂದ. ಎಲ್ಲಿಗ್ರಿ?” ಎಂದು ಕೇಳಿದರು.