ತೊಳೆದ ಕೋಲು

ಇವತ್ತು ಬೆಳಿಗ್ಗೆ ಬೆಟಗೇರಿಯ ನಮ್ಮ ಓಣಿಯ ಗಟಾರವನ್ನು ನಗರಸಭೆಯವರು ಬಳಿದರು. ಕರಿ ರಾಡಿಯನ್ನು ನಮ್ಮ ಕಟ್ಟೆಯ ಪಕ್ಕಕ್ಕೇ ಗುಡ್ಡೆ ಹಾಕಿ ಹೋದರು. ಎತ್ತುವ ಗಾಡಿ ನಾಳೆ ಬರುತ್ತದಂತೆ. ಅವರ ನಾಳೆ ನನಗೆ ಗೊತ್ತಿಲ್ಲವೇ! ಹೆಂಡತಿ ಮೂಗಿಗೆ ಸೆರಗು ಹಿಡಿದು ಬೈಯುತ್ತಿದ್ದರೆ, ನಾನು ಬಗ್ಗಿ ನಿಂತು ಗಟಾರದಲ್ಲಿ ಇನ್ನೂ ಎಷ್ಟು ಹೂಳು ಉಳಿದಿದೆ ಎಂದು ನೋಡುತ್ತಿದ್ದೆ. ನೌಕರಿ ಬಿಟ್ಟು ಎಷ್ಟೋ ವರ್ಷವಾದರೂ ಚಟ ಬಿಟ್ಟಿಲ್ಲ.

ನೀವು ನಗಬಹುದು, ನನ್ನ ಮೊದಲ ನೌಕರಿ ರಾಡಿ ಅಳೆಯುವುದೇ ಆಗಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಶಿರಹಟ್ಟಿ ತಾಲೂಕಿನ ಹಳ್ಳಗಳಲ್ಲಿ ನೀರೆಷ್ಟು, ಅದರಡಿಯ ಹೂಳೆಷ್ಟು ಎಂದು ಬರೆದುಕೊಂಡು ಬರಬೇಕು. ಎರಡು ಅಡಿಗಿಂತ ಹೆಚ್ಚು ಹೂಳಿದ್ದ ಕಡೆ ಬೇಸಿಗೆಯಲ್ಲಿ ತೆಗೆಸುತ್ತಾರೆ, ಕಡಿಮೆಯಿದ್ದರೆ ಇಲ್ಲ. ಸಲಕರಣೆ ಎಂದರೆ ಕೆಂಪು ಪಟ್ಟಿ ಬಳಿದ ಒಂದು ಬಿದಿರು ಕೋಲು. ಅದನ್ನು ಹಳ್ಳದ ನಡುವೆ ಗಟ್ಟಿ ನೆಲ ಸಿಗುವತನಕ ಒತ್ತಿ, ಎತ್ತಿ ದಂಡೆಗೆ ತರಬೇಕು. ರಾಡಿ ಮೆತ್ತಿದಷ್ಟು ಹೂಳು. ಅದರ ಮೇಲೆ ಬರೀ ಒದ್ದೆಯಾದಷ್ಟು ನೀರು. ಇದನ್ನು ಕಾಶಿಗೆ ಹೋಗಿ ಕಲಿಯಬೇಕಾಗಿರಲಿಲ್ಲ.

ಒತ್ತುವವರು ಇಮಾಮಸಾಬರು. ಮಾಗಡಿ ಹತ್ತಿರದ ಹಳ್ಳಿಯವರು, ಬಡಿಗತನದವರು, ಐವತ್ತು ದಾಟಿದವರು. ನಾನು ದಂಡೆಯ ಮೇಲೆ. ಇದ್ದೊಂದು ಟೆರಿಲಿನ್ ಪ್ಯಾಂಟು ಕಾಯುವುದು ನನ್ನ ಪಾಲಿನ ಕೆಲಸ. ಮೊದಲ ದಿನ ಅವರು ನೀರಿಗಿಳಿದು, ಕೋಲು ಒತ್ತಿ, ಎತ್ತಿ, ಅಲ್ಲೇ ಮೇಲಿಂದ ಕೆಳತನಕ ತಿಕ್ಕಿ ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟರು. ಬಿದಿರು ಫಳಫಳ ಹೊಳೆಯುತ್ತಿತ್ತು.

“ಯಾಕ ತೊಳದ್ರಿ?”

“ರಾಡಿ ಹತ್ತಿದ್ದು ಕೈಯಾಗ ಹ್ಯಾಂಗ ಕೊಡಾಕ ಬರತೈತ್ರಿ ಸಾಹೇಬ್ರ? ಉಳಿ ಇರಲಿ, ಕೊಡ್ಲಿ ಇರಲಿ, ತೊಳದು ಕೊಡೋದು ನಮ್ಮ ರೀತಿ.”

“ಆ ರಾಡಿನ ನನಗ ಬೇಕಾಗಿದ್ದು!”

“ಆತ್ರಿ.”

ಆತು ಎಂದರೆ ಆಗಿಬಿಡುತ್ತದೆಯೇ? ಎರಡು ಕಡೆ ನೆನಪಿಟ್ಟರು, ಮೂರನೆಯ ಕಡೆ ಮತ್ತೆ ತೊಳೆದರು. “ಕೈ ರೂಢಿರಿ, ತಾನ ತೊಳೀತೈತಿ” ಎಂದು ನಾಲಿಗೆ ಕಚ್ಚಿಕೊಂಡು, ಮಾರ್ಗಶಿರದ ಚಳಿಯಲ್ಲಿ ಮತ್ತೆ ಇಳಿಯುವರು. ನಾನು ಹಾಡಿದ್ದೇ ಹಾಡುವ ಕಿಸಬಾಯಿದಾಸನಾದೆ. ಆ ಹೊತ್ತಿಗೆ ಮಾಗಡಿ ಕೆರೆಗೆ ಪರದೇಶದ ಹಕ್ಕಿಗಳು ಬಂದಿಳಿದಿದ್ದವು. ಅವು ತಮ್ಮಷ್ಟಕ್ಕೆ ಕಿರುಚುತ್ತಿದ್ದವೋ, ನಾನು ಕಿರುಚಿದ್ದಕ್ಕೆ ಹೆದರಿ ಕಿರುಚುತ್ತಿದ್ದವೋ ಹೇಳಲಾರೆ.

ನಾಲ್ಕನೆಯ ದಿನ ಸಂಜೆ ಕೊನೆಯ ಜಾಗ: ಊರವರು ದನಗಳಿಗೆ ನೀರು ಕುಡಿಸಿ ಮೈ ತೊಳೆಯುವ ಮಡು. ಗದಗಿನ ಬಸ್ಸಿಗೆ ಅರ್ಧ ತಾಸಿತ್ತು. ಇಮಾಮಸಾಬರು ಕೋಲು ತಂದು ಕೊಟ್ಟರು. ತೊಳೆದಿತ್ತು. ನನ್ನ ಪಿತ್ತ ನೆತ್ತಿಗೇರಿತು.

“ನಿನ್ನ ತಲಿಯಾಗ ಏನೈತಿ? ರಾಡಿನ?” ಎಂದು ಇಪ್ಪತ್ತೈದು ವರ್ಷ ದೊಡ್ಡವರನ್ನು ಏಕವಚನದಲ್ಲಿ ಕೇಳಿದೆ.

“ತಪ್ಪಾತ್ರಿ. ತೊಡಿಮಟ ಐತಿ ಹೂಳು, ಬರಕೋರಿ. ನಮ್ಮ ತಂಗಿ ಹಾಜರಾಬಿ ದಿನಾ ಎಮ್ಮಿ ಇಲ್ಲೇ ಇಳಸತಾಳ. ಅದೊಂದ ಎಮ್ಮಿ ಮ್ಯಾಲ ಆಕಿ ಮನಿ ನಡೀತೈತ್ರಿ.”

“ತೊಡಿ-ಗಿಡಿ ಬರಕೊಳ್ಳಾಕ ಬರಂಗಿಲ್ಲ.”

“ಹಂಗಾದ್ರ ಇನ್ನೊಮ್ಮೆ ಇಳೀತೀನ್ರಿ. ಎಷ್ಟೊತ್ತು ಆದೀತು?”

“ಬ್ಯಾಡ. ಬಸ್ ಹೋಗತೈತಿ.”

ಹಿಂದಿನ ಜಾಗದ ಅಂಕಿಯನ್ನೇ ಈ ಮಡುವಿಗೂ ಬರೆದುಕೊಂಡೆ: ಒಂದೂವರೆ ಅಡಿ. ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟು ಬೇರೆ.

ಬೇಸಿಗೆಯಲ್ಲಿ ಆ ಮಡುವನ್ನು ಯಾರೂ ಮುಟ್ಟಲಿಲ್ಲ. ಮುಂದಿನ ಚಳಿಗಾಲ ಮತ್ತೆ ಅಳೆಯಲು ಹೋದಾಗ ಸುದ್ದಿ ತಿಳಿಯಿತು. ಶ್ರಾವಣದಲ್ಲಿ ಹಾಜರಾಬಿಯ ಎಮ್ಮೆ ಅದೇ ಹೂಳಿನಲ್ಲಿ ಹೊಟ್ಟೆಯವರೆಗೆ ಹೂತು, ಊರವರೆಲ್ಲ ಹಗ್ಗ ಹಾಕಿ ಎಳೆದರೂ ಬರದೆ ಸತ್ತಿತ್ತು.

“ನಮ್ಮ ಮಡು ಯಾಕ ಬಿಟ್ರಿ ಸಾಹೇಬ್ರ?” ಎಂದು ಇಮಾಮಸಾಬರು ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದು.

ನಾನು ಏನೆಂದೆ ಗೊತ್ತೇ? “ನೀವು ಕೋಲು ತೊಳದ್ರಲ್ಲ, ಅದಕ್ಕ ತಪ್ಪು ಬಿತ್ತು” ಎಂದೆ. ಈ ಸಲ ಬಹುವಚನ ಹಚ್ಚಲು ಮಾತ್ರ ಮರೆಯಲಿಲ್ಲ.

ಅವರು ನಂಬಿದರು. “ಖರೆ ಐತ್ರಿ. ನನ್ನ ಕೈನ ಆಕಿ ಎಮ್ಮಿ ಕೊಂದಂಗಾತು” ಎಂದರು. ಆ ವಾರವೇ ತಮ್ಮ ಮನೆಯ ಎಮ್ಮೆಯನ್ನು ಒಯ್ದು, ತಪ್ಪು ತಮ್ಮದೆಂದು ಹೇಳಿ, ತಂಗಿಯ ಅಂಗಳದಲ್ಲಿ ಕಟ್ಟಿ ಬಂದರು. ಸಣ್ಣ ಮೊಮ್ಮಕ್ಕಳಿದ್ದ ಮನೆ ಅವರದು. ಆ ವರ್ಷ ಒಂದು ಸಲವೂ ಅವರು ಕೋಲು ತೊಳೆಯಲಿಲ್ಲ. ರಾಡಿ ಸೋರುವ ಕೋಲನ್ನು ನನ್ನ ಮುಖ ನೋಡದೆ ಕೊಡುತ್ತಿದ್ದರು. ನನ್ನ ಅಂಕಿಗಳೆಲ್ಲ ಸರಿ ಬಂದವು. ನನ್ನ ನೌಕರಿ ಕಾಯಂ ಆಯಿತು. ನಾಲ್ಕು ದಿನ ಅವರ ಮೇಲೆ ರೇಗಿದ್ದ ನಾನು ಅಂದಿನಿಂದ ನನ್ನ ಮೇಲೆ ರೇಗುತ್ತಲೇ ಇದ್ದೇನೆ, ಆದರೆ ಅದರಿಂದ ಯಾರಿಗೇನು ಬಂತು?

ಇಮಾಮಸಾಬರು ತೀರಿಕೊಂಡು ಬಹಳ ವರ್ಷವಾಯಿತು. ಇವತ್ತು ಆ ಗಟಾರದ ಬದಿಗೆ ನಿಂತು ಹೆಂಡತಿಗೆ ಮೊದಲ ಬಾರಿ ಇದನ್ನೆಲ್ಲ ಹೇಳಿದೆ. ಅವಳು ಬೈಯುವುದನ್ನು ನಿಲ್ಲಿಸಿ ಕೇಳಿದಳು, “ಹಾಜರಾಬಿ ಇನ್ನೂ ಅದಾರೇನ್ರಿ?”

“ಅದಾರ. ಲಕ್ಷ್ಮೇಶ್ವರದಾಗ, ಮಗಳ ಮನ್ಯಾಗ.” ವಿಚಾರಿಸಿ ಇಟ್ಟುಕೊಂಡಿದ್ದೆ, ಹೋಗಲು ಧೈರ್ಯವಾಗಿರಲಿಲ್ಲ.

“ಮತ್ತ ಇಷ್ಟ ವರ್ಷ ಅವರು ತಮ್ಮ ಅಣ್ಣಂದ ತಪ್ಪು ಅಂತನ ತಿಳಕೊಂಡು ಕುಂತಾರಲ್ರಿ?”

ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ. ಆ ಮುದುಕಿಗೆ ಹೇಳಬೇಕಾದ್ದು ಬಹಳವಿಲ್ಲ: ನಿಮ್ಮ ಅಣ್ಣ ಇನ್ನೊಮ್ಮೆ ಇಳಿಯುತ್ತೇನೆ ಎಂದಿದ್ದರು, ಬೇಡ ಎಂದವನು ನಾನು.