ಬಲಗಡೆಯ ಸೀಟು

ನಮ್ಮ ಮನೆಯ ಅಮೆರಿಕನ್ ಕಾರಿನ ಸ್ಟೀರಿಂಗ್ ಎಡಗಡೆಗಿದೆ. ಹಿಂದೆ ಸಿಮೆಂಟ್ ಫ್ಯಾಕ್ಟರಿ ಕೆಲಸಕ್ಕೆ ಬಂದಿದ್ದ ಪರದೇಶದ ಇಂಜಿನಿಯರೊಬ್ಬ ವಾಪಸ್ ಹೋಗುವಾಗ ಮಾವನವರಿಗೆ ಮಾರಿದ ಗಾಡಿ. ಎರಡೇ ಬಾಗಿಲು, ಮೋಟು ಹಿಂಭಾಗ, ಮೇಲಕ್ಕೆತ್ತುವ ಗಾಜಿನ ಡಿಕ್ಕಿ. ಚೋಕ್ ಎಳೆಯದೆ ಮುಂಜಾನೆ ಸ್ಟಾರ್ಟ್ ಆಗುವುದಿಲ್ಲ. ಮೀಟರು ಮೈಲಿ ತೋರಿಸುತ್ತದೆ. ಕಡಿಮೆ ಪೆಟ್ರೋಲ್ ಕುಡಿಯಲೆಂದೇ ಮಾಡಿದ ಸಣ್ಣ ಕಾರಂತೆ. ಸೇಡಂನಿಂದ ನಾನು ಪಾಠ ಮಾಡುವ ಚಿತ್ತಾಪುರದ ಶಾಲೆ ಮುಟ್ಟುವಷ್ಟರಲ್ಲಿ ಅದು ನನ್ನ ರಕ್ತ ಕುಡಿಯುತ್ತಿತ್ತು.

ಎಡಕ್ಕೆ ಕೂತವಳಿಗೆ ಮುಂದಿನ ಲಾರಿಯ ಆಚೆ ಏನೂ ಕಾಣದು. ಅದಕ್ಕೇ ದಿನಾಲೂ ಮಾವನವರು ಬಲಗಡೆ ಕೂರುತ್ತಿದ್ದರು. ಅವರು ತಲೆ ಹೊರಹಾಕಿ ನೋಡಿ "ಹೋಗವ್ವ" ಅಂದರೆ ನಾನು ಜೀವ ಕೈಯಲ್ಲಿ ಹಿಡಿದು ಲಾರಿಯನ್ನು ಹಿಂದೆ ಹಾಕುತ್ತಿದ್ದೆ. ರಿಟೈರಾದ ಮೇಲೆ ಅವರಿಗಿದ್ದ ನೌಕರಿ ಇದೊಂದೇ. ಇಸ್ತ್ರಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ತಯಾರಾಗಿರುತ್ತಿದ್ದರು. ಅವರು ಹೇಳಿದ ಮೇಲೂ ನಾನು ಬಗ್ಗಿ ನೋಡಿದರೆ ಮಾವನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದಂತೆ. ಸೊಸೆಯಾದವಳು ಹಾಗೆ ಮಾಡಲಾದೀತೆ?

ಆ ದಿನ ಮುಂದೆ ಶಹಾಬಾದ್ ಕಲ್ಲು ತುಂಬಿದ ಲಾರಿ.

"ರಸ್ತಾ ಖಾಲಿ ಅದೇನ್ರಿ ಮಾವಾರೇ?"

"ಅದ. ಹೋಗವ್ವ."

ಬಲಕ್ಕೆ ತಿರುಗಿಸಿದೆ. ಎದುರಿಗೇ ಸಿಮೆಂಟ್ ಟ್ಯಾಂಕರ್! ಅದರ ಡ್ರೈವರ್ ಬಾಯಿ ತೆರೆದದ್ದೂ ಕಂಡಿತು. ಬ್ರೇಕ್ ಒತ್ತಿ ಎಡಕ್ಕೆಳೆದೆ. ಟ್ಯಾಂಕರ್ ತಾಗಿ ಬಲಗಡೆಯ ಕನ್ನಡಿ ಚೂರಾಗಿ ಒಳಗೆ ಬಿತ್ತು. ಕಾರು ತೊಗರಿ ಹೊಲದ ಅಂಚಿಗೆ ಹೋಗಿ ನಿಂತಿತು.

ಹ್ಯಾಂಡ್ ಬ್ರೇಕ್ ಎಳೆದೆ. ಸಿಟ್ಟೂ ಬಂತು, ಅಳುವೂ ಬಂತು. ಮೊದಲ ಸಲ ಮಾವನವರಿಗೆ ಎದುರು ಮಾತಾಡಿದೆ. "ಅಷ್ಟು ದೊಡ್ಡ ಗಾಡಿ ಕಾಣ್ಸಲಿಲ್ಲೇನ್ರಿ?"

ಅವರು ತೊಡೆಯ ಮೇಲಿನ ಚೂರುಗಳನ್ನು ಬೆರಳಿಂದ ತಡವಿ ತಡವಿ ಹುಡುಕುತ್ತಿದ್ದರು.

"ವರ್ಷ ಆತವ್ವ, ಎಲ್ಲಾ ಮಬ್ಬ ಮಬ್ಬ ಕಾಣಾಕತ್ತದ. ಹಾರ್ನ್ ಕೇಳ್ಸಲಿಲ್ಲಂದ್ರ ಹೋಗು ಅಂತಿದ್ದೆ. ಹೇಳಿದ್ರ ನನ್ನ ಮನ್ಯಾಗ ಕುಂದ್ರಿಸ್ತೀರಿ."

ಒಂದು ವರ್ಷ! ಅಷ್ಟು ದಿನ ಹಿಂದೆ ಹಾಕಿದ ಲಾರಿಗಳೆಲ್ಲ ಒಂದೊಂದಾಗಿ ನೆನಪಾದವು. ಕಿಟಕಿಯ ಆಚೆ ಬಗ್ಗಿ ವಾಂತಿ ಮಾಡಿಕೊಂಡೆ.

ಶಾಲೆಗಂತೂ ಹೋಗಲೇಬೇಕಿತ್ತು. ಮುಂದೆ ಮತ್ತೊಂದು ಲಾರಿ ಸಿಕ್ಕಿತು. ಮಾವನವರು ಎಂದಿನಂತೆ ತಲೆ ಹೊರಹಾಕಿ ಕಾದರು. ನಾನು ಏನೂ ಕೇಳಲಿಲ್ಲ, ಲಾರಿಯ ಹಿಂದೆ ಹಿಂದೆಯೇ ಸಾಗಿದೆ. ಸುಮಾರು ಹೊತ್ತು ಹಾಗೇ ಕಾದು, ಅವರು ತಲೆ ಒಳಗೆಳೆದುಕೊಂಡು ಗಾಜು ಏರಿಸಿದರು.